ಡೆಟ್ರಾಯಿಟ್‌ನ ಗೋಡೆ, ನಿನ್ನ ಮನೆಸಾಲ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಫೋನಿನಲ್ಲಿ ಈ ಮಾತು ಎತ್ತಿದಾಗಲೆಲ್ಲ ಇಬ್ಬರ ದನಿಯೂ ಏರುತ್ತದೆ. ಕೊನೆಗೆ ಯಾರಾದರೊಬ್ಬರು ‘ಹೋಗಲಿ ಬಿಡು’ ಎಂದು ಮಕ್ಕಳ ಸುದ್ದಿಗೆ ಹೊರಳುತ್ತೇವೆ. ಈ ಸಲ ಹಾಗೆ ಬಿಡಲು ಮನಸ್ಸು ಒಪ್ಪಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ನಮ್ಮವರು ಬಹಳ ಮಂದಿ ಇದೇ ಪ್ರಶ್ನೆ ಕೇಳುತ್ತಾರೆ. ಆದ್ದರಿಂದ ನೀನು ಒಪ್ಪಿದಂತೆ ನಿನ್ನ ಹೆಸರು ಬಿಟ್ಟು, ನಾಲ್ಕು ಜನ ಓದಲೆಂದು ಇದನ್ನು ಹಂಚಿಕೊಳ್ಳುತ್ತಿದ್ದೇನೆ.

ನೀನು ಕೇಳಿದ್ದು ಇಷ್ಟು: ‘ನಾವು ಎರಡು ಸೂಟ್‌ಕೇಸ್ ಹಿಡಿದು ಬಂದವರು. ಯಾರೂ ನಮಗೆ ಏನೂ ಕೊಡಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದು ದುಡಿದೆವು, ಮನೆ ಕೊಂಡೆವು, ಮಕ್ಕಳನ್ನು ಓದಿಸಿದೆವು. ಈ ಕಪ್ಪು ಜನ ತಲೆತಲಾಂತರದಿಂದ ಇಲ್ಲೇ ಇದ್ದಾರೆ. ಅವರಿಗೇಕೆ ಆಗಲಿಲ್ಲ?’

ನೀನು ದುಷ್ಟತನದಿಂದ ಕೇಳಲಿಲ್ಲ, ಅದು ನನಗೆ ಗೊತ್ತು. ಆದರೆ ಕಾರಿನ ಹಿಂದಿನ ಸೀಟಿನಲ್ಲಿ ನಿನ್ನ ಮಗಳು ಕುಳಿತು ಕೇಳಿಸಿಕೊಳ್ಳುತ್ತಿದ್ದಳು. ಉತ್ತರ ಸಿಗದ ಇಂಥ ಪ್ರಶ್ನೆ ಮಕ್ಕಳ ತಲೆಯಲ್ಲಿ ತಾನೇ ಒಂದು ಉತ್ತರವಾಗಿ ಕುಳಿತುಬಿಡುತ್ತದೆ: ಆ ಜನರಲ್ಲೇ ಏನೋ ಕೊರತೆಯಿದೆ ಎಂದು. ನಾನು ಬರೆಯುತ್ತಿರುವುದು ಅದನ್ನು ತಡೆಯುವುದಕ್ಕೆ.

ನಾವು ಅಂದು ನೋಡಿಕೊಂಡು ಬಂದ ಗೋಡೆಯಿಂದಲೇ ಶುರು ಮಾಡುತ್ತೇನೆ. ಡೆಟ್ರಾಯಿಟ್‌ನ ಉತ್ತರದ ಗಡಿಯಾದ ಎಯ್ಟ್ ಮೈಲ್ ರಸ್ತೆಯ ದಕ್ಷಿಣಕ್ಕೆ, ಬರ್‌ವುಡ್ ಮತ್ತು ಮೆಂಡೋಟಾ ಬೀದಿಗಳ ಮನೆಗಳ ಹಿತ್ತಿಲ ನಡುವೆ ಹಾದುಹೋಗುವ ಕಾಂಕ್ರೀಟ್ ಗೋಡೆ ಅದು. ಆರಡಿ ಎತ್ತರ, ಒಂದಡಿ ದಪ್ಪ, ಸುಮಾರು ಅರ್ಧ ಮೈಲಿ ಉದ್ದ. ಆಟದ ಮೈದಾನದ ಬದಿಯಲ್ಲಿ ಅದರ ಮೇಲೆ ಬಣ್ಣದ ಚಿತ್ರಗಳಿವೆ. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ರೋಸಾ ಪಾರ್ಕ್ಸ್ ಬಸ್ ಹತ್ತುತ್ತಿರುವ ಚಿತ್ರದ ಮುಂದೆ ನಿಂತು ನಿನ್ನ ಮಗಳು ಫೋಟೋ ತೆಗೆಸಿಕೊಂಡಳು. ಮುಂದೆ ಹಿತ್ತಿಲುಗಳ ಹಿಂದೆ ಹೋದರೆ ಬರೀ ಬೂದು ಬಣ್ಣ, ಅಲ್ಲಲ್ಲಿ ಬಿರುಕು, ಪಕ್ಕದಲ್ಲಿ ಒಣಹುಲ್ಲು. ‘ಇಷ್ಟೇನಾ?’ ಎಂದೆ ನೀನು. ನಿಜ, ಯಾವ ಹುಡುಗನಾದರೂ ಹಾರಿ ದಾಟಬಹುದಾದ ಗೋಡೆ. ಅದನ್ನು ಕಟ್ಟಿದ್ದು ಮನುಷ್ಯರನ್ನು ತಡೆಯುವುದಕ್ಕೆ ಎಂದುಕೊಂಡರೆ ಅರ್ಥವಾಗುವುದಿಲ್ಲ. ಅದನ್ನು ಕಟ್ಟಿದ್ದು ಸಾಲ ಮಂಜೂರಾಗಲೆಂದು.

1941ರಲ್ಲಿ ಒಬ್ಬ ಬಿಲ್ಡರ್ ಅಲ್ಲಿ ಬಿಳಿಯರಿಗಾಗಿ ಬಡಾವಣೆ ಮಾಡಲು ಹೊರಟ. ಪಕ್ಕದಲ್ಲೇ ಕಪ್ಪು ಕುಟುಂಬಗಳ ಕೇರಿಯಿತ್ತು. ಸಾಲಗಳಿಗೆ ಖಾತರಿ ಕೊಡಬೇಕಾಗಿದ್ದ ಸರ್ಕಾರಿ ಸಂಸ್ಥೆ, ಕಪ್ಪು ಜನ ಇಷ್ಟು ಹತ್ತಿರವಿದ್ದರೆ ಇಲ್ಲಿ ಹಣ ಹಾಕುವುದು ಅಪಾಯ ಎಂದಿತು. ಬಿಲ್ಡರ್ ನಡುವೆ ಗೋಡೆ ಎಬ್ಬಿಸಿದ, ಖಾತರಿ ಸಿಕ್ಕಿತು. ಈಗ ಆ ಗೋಡೆಯ ಎರಡೂ ಬದಿಯಲ್ಲಿ ಕಪ್ಪು ಕುಟುಂಬಗಳೇ ಇವೆ. ಗೋಡೆಯನ್ನು ಬೇಡಿದ ಕಡತ ಮಾತ್ರ ಇಡೀ ದೇಶದಲ್ಲಿ ಕೆಲಸ ಮಾಡಿತು.

ಮೂರು ದಶಕ ಬ್ಯಾಂಕಿನಲ್ಲಿ ಗೃಹಸಾಲದ ಮೇಜಿನ ಹಿಂದೆ ಕುಳಿತವನು ನಾನು. ಸಾಲದ ಕಡತ ಹೇಗೆ ನಡೆಯುತ್ತದೆ ಎನ್ನುವುದು ನನಗೆ ಅಂಗೈ ಗೆರೆಯಷ್ಟು ಪರಿಚಿತ. ಅರ್ಜಿದಾರನ ಸಂಬಳ, ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ಚೆಕ್ಕುಬಂದಿ, ಮೌಲ್ಯಮಾಪಕನ ವರದಿ. ಇವುಗಳಲ್ಲಿ ಮೌಲ್ಯಮಾಪಕನ ವರದಿಯ ಒಂದು ಸಾಲು ಎಂಥ ದುಡಿಮೆಗಾರನನ್ನೂ ಬಾಗಿಲಾಚೆ ನಿಲ್ಲಿಸಬಲ್ಲದು. ಅದಕ್ಕೇ ಈ ವಿಷಯ ಓದುವಾಗ ನನ್ನ ಕಣ್ಣು ಭಾಷಣಗಳಿಗಿಂತ ಹೆಚ್ಚಾಗಿ ಫಾರಮ್ಮುಗಳ ಮೇಲೆ ಹೋಯಿತು.

1930ರ ದಶಕದವರೆಗೆ ಅಮೆರಿಕದಲ್ಲಿ ಮನೆಸಾಲವೆಂದರೆ ಉಳ್ಳವರ ವ್ಯವಹಾರ. ಅರ್ಧದಷ್ಟು ಹಣ ಕೈಯಿಂದ ಕಟ್ಟಬೇಕು, ಉಳಿದದ್ದನ್ನು ಐದು ಹತ್ತು ವರ್ಷಗಳಲ್ಲಿ ತೀರಿಸಬೇಕು. ಮಹಾ ಕುಸಿತದಲ್ಲಿ ಇದು ಮುರಿದುಬಿದ್ದಾಗ ರೂಸ್ವೆಲ್ಟ್ ಸರ್ಕಾರ 1934ರಲ್ಲಿ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಸಂಸ್ಥೆ ಮಾಡಿತು. ಅದು ತಾನೇ ಸಾಲ ಕೊಡುತ್ತಿರಲಿಲ್ಲ, ಬ್ಯಾಂಕು ಕೊಟ್ಟ ಸಾಲಕ್ಕೆ ವಿಮೆ ಕೊಡುತ್ತಿತ್ತು. ಬ್ಯಾಂಕಿಗೆ ನಷ್ಟದ ಭಯ ಹೋಯಿತು. ಶೇ. 80, ಮುಂದೆ ಶೇ. 90ರವರೆಗೆ ಸಾಲ, 20–25 ವರ್ಷ ಕಂತು, ಕಡಿಮೆ ಬಡ್ಡಿ. ಕಾರ್ಖಾನೆಯ ಕೂಲಿಗಾರನೂ ಬಾಡಿಗೆಯಷ್ಟೇ ಕಂತು ಕಟ್ಟಿ ಮನೆಯೊಡೆಯನಾಗುವ ದಾರಿ ತೆರೆಯಿತು. ಸಾಲದ ಮೇಜಿನವನಾಗಿ ಹೇಳುತ್ತೇನೆ, ಇದು ಅದ್ಭುತವಾದ ಏರ್ಪಾಡು. ನಿನ್ನ ಮೂವತ್ತು ವರ್ಷದ ಸಾಲವೂ ಇದರ ಸಂತಾನವೇ.

ಆದರೆ ಆ ಸಂಸ್ಥೆ ಮೌಲ್ಯಮಾಪಕರ ಕೈಗೆ ಒಂದು ಕೈಪಿಡಿ ಕೊಟ್ಟಿತು. ಬಡಾವಣೆ ಸ್ಥಿರವಾಗಿರಬೇಕಾದರೆ ಅಲ್ಲಿನ ಮನೆಗಳಲ್ಲಿ ಅದೇ ಸಾಮಾಜಿಕ ಮತ್ತು ಜನಾಂಗೀಯ ವರ್ಗದವರೇ ಇರುತ್ತಾ ಹೋಗುವುದು ಅಗತ್ಯ ಎಂದು 1938ರ ಆ ಕೈಪಿಡಿ ಬರೆಯುತ್ತದೆ. ಹೊಂದಿಕೆಯಾಗದ ಜನಾಂಗಗಳು ನುಸುಳದಂತೆ ಸಹಜವಾದ ಅಥವಾ ಕಟ್ಟಿದ ಅಡ್ಡಗಳಿದ್ದರೆ ಒಳ್ಳೆಯದು ಎಂದೂ ಬರೆಯುತ್ತದೆ. ಅಂಥ ಅಡ್ಡವೊಂದರ ಮುಂದೆಯೇ ನಾವು ನಿಂತು ಬಂದದ್ದು. ಕೈಪಿಡಿ ಅಷ್ಟಕ್ಕೇ ನಿಲ್ಲಲಿಲ್ಲ. ಇಂಥ ಜನಾಂಗದವರಿಗೆ ಈ ಆಸ್ತಿ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂದು ಕ್ರಯಪತ್ರದಲ್ಲೇ ಷರತ್ತು ಬರೆಸುವುದನ್ನು ಪ್ರೋತ್ಸಾಹಿಸಿತು.

ಇದರ ಜೊತೆಗೆ ನಕ್ಷೆಗಳು. 1933ರಲ್ಲಿ ಹುಟ್ಟಿದ ಇನ್ನೊಂದು ಸರ್ಕಾರಿ ನಿಗಮ ಇನ್ನೂರಕ್ಕೂ ಹೆಚ್ಚು ನಗರಗಳನ್ನು ನಾಲ್ಕು ಬಣ್ಣಗಳಲ್ಲಿ ಗುರುತು ಮಾಡಿಸಿತು: ಹಸಿರು, ನೀಲಿ, ಹಳದಿ, ಕೆಂಪು. ಹಸಿರೆಂದರೆ ಸಾಲಕ್ಕೆ ಎಲ್ಲಕ್ಕಿಂತ ಒಳ್ಳೆಯ ಜಾಗ, ಕೆಂಪೆಂದರೆ ಎಲ್ಲಕ್ಕಿಂತ ಅಪಾಯದ್ದು. ಈಗ ಅವನ್ನೆಲ್ಲ ರಿಚ್ಮಂಡ್ ವಿಶ್ವವಿದ್ಯಾಲಯದವರು ಅಂತರ್ಜಾಲದಲ್ಲಿ ಹಾಕಿದ್ದಾರೆ. ಡೆಟ್ರಾಯಿಟ್‌ನದನ್ನು ತೆರೆದು ನೋಡು. ಪ್ರತಿ ಪ್ರದೇಶಕ್ಕೂ ಟೈಪ್ ಮಾಡಿದ ಒಂದೊಂದು ಹಾಳೆ ಇದೆ. ಕಟ್ಟಡದ ವಯಸ್ಸು, ದುರಸ್ತಿಯ ಸ್ಥಿತಿ, ಬಾಡಿಗೆ ಇತ್ಯಾದಿ ಕೇಳುವ ಆ ಫಾರಮ್ಮಿನಲ್ಲಿ ‘ನೀಗ್ರೋ: ಹೌದು/ಇಲ್ಲ, ಶೇಕಡಾ ಎಷ್ಟು’ ಎಂಬ ಅಂಕಣವಿದೆ. ಯಾರು ನುಸುಳುತ್ತಿದ್ದಾರೆ ಎಂದು ಬರೆಯಲು ಇನ್ನೊಂದು ಅಂಕಣ. ಚಾವಣಿ ಸೋರುತ್ತದೆ ಎಂದು ಬರೆಯುವ ಪೆನ್ನೇ ಪಕ್ಕದ ಮನೆಯವನ ಮೈಬಣ್ಣವನ್ನೂ ಆಸ್ತಿಯ ದೋಷವೆಂದು ಬರೆಯಿತು. ಈ ನಕ್ಷೆಗಳನ್ನೇ ಬ್ಯಾಂಕುಗಳು ಎಷ್ಟು ಬಳಸಿದವು ಎಂಬುದರಲ್ಲಿ ಇತಿಹಾಸಕಾರರ ನಡುವೆ ಭಿನ್ನಾಭಿಪ್ರಾಯವಿದೆ. ವಿಮಾ ಸಂಸ್ಥೆಯ ಕೈಪಿಡಿ ಮಾಡಿದ ಹಾನಿಯ ಬಗ್ಗೆ ಇಲ್ಲ.

ಈಗ ನಿನ್ನ ಗಾದೆಗೆ ಬರೋಣ. 1914ರಲ್ಲಿ ಫೋರ್ಡ್ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿದ ಮೇಲೆ, ದಕ್ಷಿಣದ ಹತ್ತಿಯ ಹೊಲಗಳಿಂದ, ಅಲ್ಲಿನ ಗುಂಪು ಹತ್ಯೆಗಳಿಂದ ತಪ್ಪಿಸಿಕೊಂಡು ಕಪ್ಪು ಜನ ಡೆಟ್ರಾಯಿಟ್‌ಗೆ ಹರಿದುಬಂದರು. ಫೋರ್ಡ್ ಕಂಪನಿಯ ರಿವರ್ ರೂಜ್ ಕಾರ್ಖಾನೆಯಲ್ಲಿ ಅವರಲ್ಲಿ ಬಹುಪಾಲು ಮಂದಿಗೆ ಸಿಕ್ಕಿದ್ದು ಎರಕದ ಮನೆಯ ಕೆಲಸ, ಕಾದ ಕಬ್ಬಿಣದ ಮುಂದೆ. ಕೈ ಕೆಸರು ಮಾಡಿಕೊಂಡವರಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ. ಸಂಬಳದ ಚೀಟಿ ಹಿಡಿದು ಬ್ಯಾಂಕಿಗೆ ಹೋದರೆ ಸಾಲವಿಲ್ಲ. ಉಳಿದ ದಾರಿ ಕಂತಿನ ಕರಾರು. ಕೊನೆಯ ಕಂತು ತೀರುವವರೆಗೆ ಮನೆ ಮಾರುವವನ ಹೆಸರಿನಲ್ಲೇ ಇರುತ್ತದೆ, ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಅಲ್ಲಿಯವರೆಗೆ ಕಟ್ಟಿದ್ದೂ ಹೋಯಿತು. ಇಂಥ ಕರಾರನ್ನು ನನ್ನ ಮೇಜಿಗೆ ಯಾರಾದರೂ ತಂದಿದ್ದರೆ ಸಹಿ ಹಾಕಬೇಡಿ ಎಂದು ಕೈಹಿಡಿದು ಹೇಳುತ್ತಿದ್ದೆ. ಅವರಿಗೆ ಬೇರೆ ಮೇಜೇ ಇರಲಿಲ್ಲ.

ಯುದ್ಧದಿಂದ ಮರಳಿದ ಯೋಧರಿಗಾಗಿ 1944ರಲ್ಲಿ ಜಿಐ ಮಸೂದೆ ಬಂತು. ಕಾಲೇಜಿಗೆ ಹಣ, ಮನೆಗೆ, ವ್ಯಾಪಾರಕ್ಕೆ ಸಾಲದ ಖಾತರಿ. ಕಾನೂನಿನಲ್ಲಿ ಬಣ್ಣದ ಮಾತಿಲ್ಲ. ಆದರೆ ಸಾಲ ಕೊಡಬೇಕಾದದ್ದು ಸ್ಥಳೀಯ ಬ್ಯಾಂಕು. 1947ರಲ್ಲಿ ಮಿಸಿಸಿಪ್ಪಿಯ 13 ನಗರಗಳಲ್ಲಿ ಎಣಿಸಿ ನೋಡಿದಾಗ, ಹೀಗೆ ಖಾತರಿ ಪಡೆದ 3,229 ಸಾಲಗಳಲ್ಲಿ ಕಪ್ಪು ಯೋಧರಿಗೆ ಸಿಕ್ಕಿದ್ದು 2. ಎರಡು ಸಾವಿರವಲ್ಲ, ಎರಡು ನೂರಲ್ಲ, ಎರಡು. ಅದೇ ಯುದ್ಧ, ಅದೇ ಸಮವಸ್ತ್ರ.

ಇಲ್ಲಿ ನಾನು ಸ್ವಲ್ಪ ಲೆಕ್ಕ ಬಿಡಿಸಬೇಕು, ಏಕೆಂದರೆ ನಿನ್ನ ಪ್ರಶ್ನೆಯ ಕೀಲಿ ಇಲ್ಲಿದೆ. 1950ರಲ್ಲಿ ಸರ್ಕಾರದ ಖಾತರಿಯಿಂದ ಮನೆ ಕೊಂಡ ಬಿಳಿಯ ಕೂಲಿಗಾರನ ಸಾಲ 1975ರ ಹೊತ್ತಿಗೆ ತೀರುತ್ತದೆ. ಅಷ್ಟರಲ್ಲಿ ಮನೆಯ ಬೆಲೆ ಹಲವು ಪಟ್ಟು ಏರಿರುತ್ತದೆ. ಅದರ ಮೇಲೆ ಇನ್ನೊಂದು ಸಾಲ ತೆಗೆದು ಮಗಳನ್ನು ಕಾಲೇಜಿಗೆ ಕಳಿಸುತ್ತಾನೆ, ಮಗನ ಮೊದಲ ಮನೆಯ ಮುಂಗಡ ಕಟ್ಟುತ್ತಾನೆ, ಕಾಯಿಲೆ ಬಂದರೆ ತಡೆದುಕೊಳ್ಳುತ್ತಾನೆ. ಸತ್ತಾಗ ಉಳಿದದ್ದು ಮಕ್ಕಳಿಗೆ. ಅದೇ ಎರಕದ ಮನೆಯಲ್ಲಿ ಅಷ್ಟೇ ದುಡಿದ ಕಪ್ಪು ಕೂಲಿಗಾರ ಬಾಡಿಗೆ ಕಟ್ಟಿದ, ಬಿಟ್ಟುಹೋದದ್ದು ರಸೀದಿಗಳನ್ನು. ಸಂಬಳದ ಅಂತರ ಒಂದು ತಲೆಮಾರಿನಲ್ಲಿ ಕಿರಿದಾಗಬಹುದು. ಆಸ್ತಿಯ ಅಂತರ ಬಡ್ಡಿಯ ಮೇಲೆ ಬಡ್ಡಿ ಸೇರಿ ಬೆಳೆಯುತ್ತದೆ. 2022ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ನಡೆಸಿದ ಸಮೀಕ್ಷೆಯಲ್ಲಿ ಸಂಪತ್ತಿನ ಸಾಲಿನಲ್ಲಿ ನಟ್ಟನಡುವೆ ನಿಲ್ಲುವ ಬಿಳಿಯ ಕುಟುಂಬದ ಆಸ್ತಿ ಸುಮಾರು 2,85,000 ಡಾಲರ್, ಕಪ್ಪು ಕುಟುಂಬದ್ದು ಸುಮಾರು 44,900. ಆರು ಪಟ್ಟಿಗೂ ಹೆಚ್ಚು. ಈ ಅಂತರವನ್ನು ಸೋಮಾರಿತನದಿಂದ ವಿವರಿಸುವವರು ಕ್ರಯಪತ್ರಗಳನ್ನು ಓದಿದವರಲ್ಲ.

ಹಾಗೆಂದು ಕಪ್ಪು ಜನ ಸುಮ್ಮನೆ ಕೂತಿದ್ದರೆ? ಡೆಟ್ರಾಯಿಟ್‌ನಲ್ಲೇ 1925ರಲ್ಲಿ ಆಸಿಯನ್ ಸ್ವೀಟ್ ಎಂಬ ಕಪ್ಪು ವೈದ್ಯ ಗಾರ್ಲೆಂಡ್ ಬೀದಿಯಲ್ಲಿ ಮನೆ ಕೊಂಡ. ನಮ್ಮ ಲೆಕ್ಕದಲ್ಲಿ ಅವನು ಮಾದರಿ ಮನುಷ್ಯ: ಓದಿದವನು, ದುಡಿದವನು, ಮರ್ಯಾದಸ್ಥ. ನೂರಾರು ಜನ ಮನೆ ಸುತ್ತುವರಿದು ಕಲ್ಲು ತೂರಿದರು. ಒಳಗಿನಿಂದ ಗುಂಡು ಹಾರಿತು, ಹೊರಗೊಬ್ಬ ಸತ್ತ, ಮನೆಯಲ್ಲಿದ್ದ ಹನ್ನೊಂದು ಜನರ ಮೇಲೆ ಕೊಲೆಯ ಮೊಕದ್ದಮೆ. ಕ್ಲಾರೆನ್ಸ್ ಡ್ಯಾರೋ ವಾದಿಸಿ ಉಳಿಸಿದ. ಮುಂದೆ ಡೆಟ್ರಾಯಿಟ್‌ನವರೇ ಆದ ಮೆಕ್‌ಗೀ ದಂಪತಿ ಕ್ರಯಪತ್ರದ ಜನಾಂಗ ಷರತ್ತಿನ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದರು. ಅಂಥ ಷರತ್ತನ್ನು ಯಾವ ನ್ಯಾಯಾಲಯವೂ ಜಾರಿಗೊಳಿಸಕೂಡದು ಎಂದು 1948ರಲ್ಲಿ ತೀರ್ಪಾಯಿತು. ಮನೆ ಮಾರಾಟದಲ್ಲಿ ಭೇದ ಮಾಡುವುದನ್ನೇ ನಿಷೇಧಿಸುವ ಕಾನೂನು ಬರಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ, ನಗರಗಳು ಹೊತ್ತಿ ಉರಿದು, ಏಪ್ರಿಲ್ 11ಕ್ಕೆ ಅಧ್ಯಕ್ಷರ ಸಹಿ ಬಿತ್ತು.

ಈಗ ನಿನ್ನ ಸೂಟ್‌ಕೇಸುಗಳ ವಿಷಯ.

ನೀನು 1920ರಲ್ಲಿ ಹೋಗಿದ್ದರೆ ಏನಾಗುತ್ತಿತ್ತು? ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವನು. ವಲಸೆ ಬಂದವರಲ್ಲಿ ಬಿಳಿಯರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಪೌರತ್ವ ಎಂಬ ಕಾನೂನಿದ್ದ ಕಾಲ. 1922ರಲ್ಲಿ ಜಪಾನಿನ ಒಬ್ಬನಿಗೆ, ಬಿಳಿಯನೆಂದರೆ ಕಾಕೇಷಿಯನ್, ನೀನು ಹಾಗಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅಂದಿನ ಜನಾಂಗ ವಿಜ್ಞಾನ ಉತ್ತರ ಭಾರತದವರನ್ನೂ ಕಾಕೇಷಿಯನ್ ಗುಂಪಿಗೆ ಸೇರಿಸಿತ್ತು. ಹಾಗಾದರೆ ನಾನು ಕಾಕೇಷಿಯನ್ ಎಂದು ಥಿಂಡ್ ವಾದಿಸಿದ. ಮೂರೇ ತಿಂಗಳಲ್ಲಿ, 1923ರ ಫೆಬ್ರವರಿಯಲ್ಲಿ, ಅದೇ ಕೋರ್ಟು ವಿಜ್ಞಾನದ ಮಾತು ಬಿಟ್ಟು, ಸಾಮಾನ್ಯ ಮನುಷ್ಯನ ಕಣ್ಣಿಗೆ ನೀನು ಬಿಳಿಯನಲ್ಲ ಎಂದು ತೀರ್ಪು ಕೊಟ್ಟಿತು. ಆಗಲೇ ಪೌರರಾಗಿದ್ದ ಹತ್ತಾರು ಭಾರತೀಯರ ಪೌರತ್ವ ಕಿತ್ತುಕೊಂಡರು. ಅವರಲ್ಲಿ ವೈಷ್ಣೋ ದಾಸ್ ಬಗಾಯ್ ಒಬ್ಬರು. ಅವರೂ ಪತ್ನಿ ಕಲಾ ಬಗಾಯ್ ಅವರೂ ಬರ್ಕ್ಲಿಯಲ್ಲಿ ಕೊಂಡ ಮನೆಗೆ ಸಾಮಾನು ಸಮೇತ ಹೋದರೆ, ಒಳಗೆ ಬರದಂತೆ ನೆರೆಯವರು ಬೀಗ ಹಾಕಿದ್ದರು. ಪೌರತ್ವ ಕಳೆದುಕೊಂಡು, ಆಸ್ತಿ ಮಾರಬೇಕಾಗಿ ಬಂದು, 1928ರಲ್ಲಿ ಬಗಾಯ್ ಆತ್ಮಹತ್ಯೆ ಮಾಡಿಕೊಂಡರು. ದುಡಿಮೆಯಲ್ಲಿ, ಓದಿನಲ್ಲಿ, ಹಣದಲ್ಲಿ ನಿನಗೇನೂ ಕಡಿಮೆಯಿದ್ದವರಲ್ಲ.

ನೀನು 1955ರಲ್ಲಿ ಡೆಟ್ರಾಯಿಟ್‌ನ ಪಕ್ಕದ ಗ್ರೋಸ್ ಪಾಯಿಂಟಿನಲ್ಲಿ ಮನೆ ಹುಡುಕಿದ್ದರೆ? ಅಲ್ಲಿನ ಮನೆ ದಲ್ಲಾಳಿಗಳು ಖಾಸಗಿ ಪತ್ತೇದಾರರಿಂದ ಕೊಳ್ಳುವವರ ಬಗ್ಗೆ ವರದಿ ತರಿಸಿ ಅಂಕ ಹಾಕುತ್ತಿದ್ದರು. ಮೈಬಣ್ಣ ಎಷ್ಟು ಕಪ್ಪು, ಉಚ್ಚಾರ ಹೇಗಿದೆ, ಬದುಕುವ ರೀತಿ ಅಮೆರಿಕನ್ನರದೇ ಹೌದೇ ಎಂಬ ಪ್ರಶ್ನೆಗಳು. ಪಾಸಾಗಲು ಸಾಮಾನ್ಯವಾಗಿ 50 ಅಂಕ, ಪೋಲೆಂಡ್ ಮೂಲದವರಿಗೆ 55, ದಕ್ಷಿಣ ಯೂರೋಪಿನವರಿಗೆ 65, ಯಹೂದಿಗಳಿಗೆ 85. ಕಪ್ಪು ಜನರಿಗೂ ಏಷ್ಯಾದವರಿಗೂ ಅಂಕವೇ ಇಲ್ಲ, ಅವರು ಪರೀಕ್ಷೆಗೆ ಕೂರುವಂತೆಯೇ ಇರಲಿಲ್ಲ. 1960ರಲ್ಲಿ ಇದು ಬಯಲಿಗೆ ಬಂತು. ಆ ಪಟ್ಟಿಯಲ್ಲಿ ನೀನೂ, ಈಗ ನೀನು ಬೆರಳು ತೋರುತ್ತಿರುವ ಜನರೂ ಒಂದೇ ಸಾಲಿನಲ್ಲಿದ್ದಿರಿ ಎಂಬುದನ್ನು ದಯವಿಟ್ಟು ಗಮನಿಸು.

ಆ ಬಾಗಿಲು ತೆರೆದದ್ದು ಹೇಗೆ? 1946ರಲ್ಲಿ ಭಾರತಕ್ಕೆ ಕೊಟ್ಟಿದ್ದ ಪಾಲು ವರ್ಷಕ್ಕೆ 100 ಜನ. ಅದನ್ನು ಬದಲಿಸಿ, ಹುಟ್ಟಿದ ದೇಶ ನೋಡಿ ಪಾಲು ಹಂಚುವ ಪದ್ಧತಿಯನ್ನು ತೆಗೆದದ್ದು 1965ರ ಅಕ್ಟೋಬರಿನ ವಲಸೆ ಕಾನೂನು. 1964ರ ನಾಗರಿಕ ಹಕ್ಕುಗಳ ಕಾನೂನು, 1965ರ ಆಗಸ್ಟಿನ ಮತದಾನದ ಹಕ್ಕಿನ ಕಾನೂನು, ಇದು ಮೂರನೆಯದು. ಮೂರೂ ಒಂದೇ ಅಲೆಯಲ್ಲಿ ಬಂದವು, ಆ ಅಲೆ ಎಬ್ಬಿಸಿದ ಕಪ್ಪು ಜನ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಂನಲ್ಲಿ ಪೊಲೀಸ್ ನಾಯಿಗಳಿಂದ ಕಚ್ಚಿಸಿಕೊಂಡವರು, ಸೆಲ್ಮಾದ ಸೇತುವೆಯ ಮೇಲೆ ಲಾಠಿಯೇಟು ತಿಂದವರು. ‘ಯಾರೂ ಏನೂ ಕೊಡಲಿಲ್ಲ’ ಎನ್ನುವೆಯಲ್ಲ, ನಿನ್ನ ವೀಸಾದ ಹಿಂದೆ ಅವರಿದ್ದಾರೆ.

ಆ ಕಾನೂನು ಯಾರನ್ನು ಕರೆಯಿತು ಎಂಬುದೂ ಮುಖ್ಯ. ವೃತ್ತಿಪರರಿಗೆ ಆದ್ಯತೆ. ಕರೆಸಿಕೊಳ್ಳುವ ದೇಶವೇ ಜರಡಿ ಹಿಡಿದು, ನಮ್ಮಲ್ಲಿಂದ ಬಹುಮಟ್ಟಿಗೆ ವೈದ್ಯ ಎಂಜಿನಿಯರುಗಳನ್ನೇ ಒಳಗೆ ಬಿಟ್ಟಂತಾಯಿತು. ನಿನ್ನ ಸೂಟ್‌ಕೇಸಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಪದವಿ ಇತ್ತು, ಅದರ ಶುಲ್ಕ ನಮ್ಮ ಹಾಸ್ಟೆಲಿನ ಊಟದ ಬಿಲ್ಲಿಗಿಂತ ಕಡಿಮೆಯಿದ್ದದ್ದು ನಿನಗೂ ನೆನಪಿದೆ. ಉಳಿದದ್ದನ್ನು ಈ ನಾಡಿನ ತೆರಿಗೆದಾರರು ಕಟ್ಟಿದರು, ಕಾಲೇಜಿನ ಗೇಟನ್ನೇ ಕಾಣದ ರೈತ ಕೂಲಿಗಳೂ ಸೇರಿ. ಅದಕ್ಕೂ ಹಿಂದೆ ಹೋದರೆ, ನಿನ್ನ ಅಜ್ಜ, ನನ್ನ ಅಜ್ಜ ಶಾಲೆಯ ಒಳಗೆ ಚಾಪೆಯ ಮೇಲೆ ಕುಳಿತು ಅಕ್ಷರ ಕಲಿತವರು. ಅದೇ ಊರಿನ ಇನ್ನೊಂದು ಕೇರಿಯ ಹುಡುಗರಿಗೆ ಆ ಶಾಲೆಯ ಮೆಟ್ಟಿಲು ಹತ್ತುವಂತಿರಲಿಲ್ಲ. ಅಮೆರಿಕದಲ್ಲಿ ಸಾಲದ ಕಡತ ಮಾಡಿದ ಕೆಲಸವನ್ನು ನಮ್ಮಲ್ಲಿ ಕೇರಿಯ ಗಡಿಯೂ ಬಾವಿಯ ಕಟ್ಟೆಯೂ ಮಾಡಿದವು.

ಥಿಂಡ್ ಮೊಕದ್ದಮೆಯಲ್ಲಿ ಒಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಅವನ ಪರ ಸಲ್ಲಿಸಿದ ವಾದಪತ್ರದಲ್ಲಿ, ಮೇಲ್ಜಾತಿಯ ಹಿಂದೂ ತನ್ನ ನಾಡಿನ ಆದಿವಾಸಿಯನ್ನು ಮದುವೆಯ ವಿಷಯದಲ್ಲಿ ನೋಡುವುದು ಅಮೆರಿಕನ್ನನು ನೀಗ್ರೋವನ್ನು ನೋಡುವ ಹಾಗೆಯೇ ಎಂದು ಬರೆದಿದ್ದರು. ನಾವೂ ನಿಮ್ಮಂತೆಯೇ ಕೆಳಗಿನವರನ್ನು ದೂರವಿಡುವವರು, ಆದ್ದರಿಂದ ಒಳಗೆ ಬಿಡಿ ಎಂಬುದು ಅದರ ಸಾರ. ಹಾಗೆ ಬೇಡಿಯೂ ಬಾಗಿಲು ತೆರೆಯಲಿಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1913ರಿಂದ 1916ರವರೆಗೆ ಓದಿದ ಅಂಬೇಡ್ಕರ್ ಬೇರೆ ದಾರಿ ಹಿಡಿದರು. ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಬೇಕೆಂದು 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದರು, ಅಲ್ಲಿನ ಕಪ್ಪು ಜನರ ಸ್ಥಿತಿಗೂ ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆಯಿದೆ ಎಂದರು. ಡು ಬಾಯ್ಸ್ ಸಹಾನುಭೂತಿಯಿಂದ ಉತ್ತರಿಸಿದರು. ಸಮುದ್ರ ದಾಟಿ ಹೋದ ನಮ್ಮವರ ಮುಂದೆ ಅಂದಿನಿಂದ ಇಂದಿನವರೆಗೂ ಇರುವುದು ಈ ಎರಡು ದಾರಿಗಳೇ. ನಾನು ಯಾವುದರ ಪಕ್ಷ ಎಂದು ನಿನಗೆ ಹೇಳಬೇಕಾಗಿಲ್ಲ.

ಮೊದಲನೆಯ ದಾರಿ ಹಿಡಿದವರಿಗೆ ರಕ್ಷಣೆ ಸಿಗುತ್ತದೆಯೇ? ನಿನ್ನದೇ ಊರಿನ ಪಕ್ಕದಲ್ಲಿ, ಹೈಲ್ಯಾಂಡ್ ಪಾರ್ಕಿನಲ್ಲಿ, 1982ರಲ್ಲಿ ವಿನ್ಸೆಂಟ್ ಚಿನ್ ಎಂಬ 27ರ ಹುಡುಗನನ್ನು ಇಬ್ಬರು ಬಿಳಿಯರು ಬೇಸ್‌ಬಾಲ್ ದಾಂಡಿನಿಂದ ಹೊಡೆದು ಕೊಂದರು. ಜಪಾನಿನ ಕಾರುಗಳಿಂದ ಡೆಟ್ರಾಯಿಟ್‌ನವರ ಕೆಲಸ ಹೋಗುತ್ತಿದ್ದ ಸಮಯ. ಚಿನ್ ಚೀನೀ ಮೂಲದವನು, ಅದು ಯಾರಿಗೂ ಬೇಕಾಗಿರಲಿಲ್ಲ. ಶಿಕ್ಷೆ 3,000 ಡಾಲರ್ ದಂಡ, ಮೂರು ವರ್ಷ ಪ್ರೊಬೇಷನ್. ಜೈಲಿಗೆ ಕಳಿಸುವಂಥ ಜನರಲ್ಲ ಇವರು ಎಂದರು ನ್ಯಾಯಾಧೀಶರು.

‘ಅದೆಲ್ಲ ಹಳೆಯ ಕಥೆ, ಈಗ ಕಾನೂನು ಎಲ್ಲರಿಗೂ ಒಂದೇ’ ಎಂದು ನೀನು ಹೇಳುತ್ತೀಯ. ನಿನ್ನ ಮಗಳ ಶಾಲೆಯನ್ನೇ ತೆಗೆದುಕೋ. ಮನೆ ಕೊಳ್ಳುವಾಗ ನೀನು ಮೊದಲು ನೋಡಿದ್ದು ಶಾಲಾ ವಲಯವನ್ನು. ಆ ವಲಯದ ಗಡಿಗೆ ಒಂದು ಚರಿತ್ರೆಯಿದೆ. 1970ರ ದಶಕದ ಆರಂಭದಲ್ಲಿ ಡೆಟ್ರಾಯಿಟ್‌ನ ಶಾಲೆಗಳು ಬಹುತೇಕ ಕಪ್ಪು ಮಕ್ಕಳ ಶಾಲೆಗಳಾಗುತ್ತಿದ್ದವು, ಬಿಳಿಯರು ಉಪನಗರಗಳಿಗೆ ಹೋಗಿಬಿಟ್ಟಿದ್ದರು. ನಗರವನ್ನೂ ಸುತ್ತಲಿನ 53 ಶಾಲಾ ವಲಯಗಳನ್ನೂ ಸೇರಿಸಿ ಮಕ್ಕಳನ್ನು ಬೆರೆಸಬೇಕೆಂದು ಕೆಳ ನ್ಯಾಯಾಲಯ ಹೇಳಿತು. 1974ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಉಪನಗರಗಳು ತಪ್ಪು ಮಾಡಿವೆಯೆಂದು ಸಾಬೀತಾಗಿಲ್ಲ, ಆದ್ದರಿಂದ ಗಡಿ ದಾಟುವಂತಿಲ್ಲ ಎಂದಿತು. ಆ ಗಡಿಯೊಳಗೆ ಯಾರಿಗೆ ಸಾಲ ಸಿಕ್ಕಿತ್ತು ಎಂಬುದು ಲೆಕ್ಕಕ್ಕೆ ಬರಲಿಲ್ಲ. ಮೆಕ್‌ಗೀ ದಂಪತಿಯ ಪರ ವಾದಿಸಿದ್ದ ಥರ್ಗುಡ್ ಮಾರ್ಷಲ್ ಅಷ್ಟರಲ್ಲಿ ಅದೇ ಕೋರ್ಟಿನ ನ್ಯಾಯಮೂರ್ತಿ. ನಮ್ಮ ಮಕ್ಕಳು ಒಟ್ಟಿಗೆ ಕಲಿಯಲು ಶುರು ಮಾಡದಿದ್ದರೆ ನಮ್ಮ ಜನ ಎಂದಾದರೂ ಒಟ್ಟಿಗೆ ಬಾಳುವುದನ್ನು ಕಲಿತಾರೆಂಬ ಆಸೆ ಕಡಿಮೆ ಎಂದು ಅವರು ಭಿನ್ನಮತದಲ್ಲಿ ಬರೆದರು.

ಹಣದ ವಿಷಯದಲ್ಲಿ ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯ 1994ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಪಾಠದ ಖರ್ಚನ್ನು ಸ್ಥಳೀಯ ಆಸ್ತಿ ತೆರಿಗೆಯಿಂದ ಬಿಡಿಸಿ ಬಹುಮಟ್ಟಿಗೆ ರಾಜ್ಯದ ಹೆಗಲಿಗೆ ಹಾಕಿತು. ಆದರೆ ಕಟ್ಟಡದ ಹಣ ಈಗಲೂ ಸ್ಥಳೀಯ ಆಸ್ತಿಯಿಂದಲೇ ಬರಬೇಕು. ನಿನ್ನ ಮಗಳ ಶಾಲೆಯ ಈಜುಕೊಳ ನನಗೆ ತೋರಿಸಿದೆಯಲ್ಲ. 2016ರ ಜನವರಿಯಲ್ಲಿ ಡೆಟ್ರಾಯಿಟ್‌ನ ಶಿಕ್ಷಕರು, ಗೋಡೆಯ ಬೂಷ್ಟು ಮತ್ತು ಇಲಿಗಳ ನಡುವೆ ಪಾಠ ಮಾಡಲಾರೆವೆಂದು ಸಾಮೂಹಿಕ ರಜೆ ಹಾಕಿ ಹತ್ತಾರು ಶಾಲೆಗಳು ಮುಚ್ಚಿದ್ದವು. ಎರಡರ ನಡುವಿನ ದೂರ ಕಾರಿನಲ್ಲಿ ಒಂದು ಗಂಟೆಯೊಳಗೆ.

ಇನ್ನೊಂದು ಉದಾಹರಣೆ ಕೊಟ್ಟೇ ಕೊಡುತ್ತೇನೆ, ಏಕೆಂದರೆ ಇದು ನನ್ನ ಕಸುಬಿಗೆ ಹತ್ತಿರ. ಮಿಷಿಗನ್ ಸಂವಿಧಾನದ ಪ್ರಕಾರ ತೆರಿಗೆಗಾಗಿ ಮನೆಯ ಮೌಲ್ಯವನ್ನು ಮಾರುಕಟ್ಟೆ ಬೆಲೆಯ ಅರ್ಧಕ್ಕಿಂತ ಹೆಚ್ಚು ಹಿಡಿಯಕೂಡದು. 2008ರ ನಂತರ ಡೆಟ್ರಾಯಿಟ್‌ನಲ್ಲಿ ಮನೆ ಬೆಲೆ ಪಾತಾಳಕ್ಕಿಳಿಯಿತು, ಕಚೇರಿಯ ಪುಸ್ತಕದಲ್ಲಿ ಮೌಲ್ಯ ಇಳಿಯಲಿಲ್ಲ. 2010ರಿಂದ 2016ರವರೆಗೆ ಮನೆಯವರ ಮೇಲೆ ಕನಿಷ್ಠ 60 ಕೋಟಿ ಡಾಲರ್ ಹೆಚ್ಚುವರಿ ತೆರಿಗೆ ಹಾಕಲಾಗಿತ್ತೆಂದು ಅಲ್ಲಿನ ‘ಡೆಟ್ರಾಯಿಟ್ ನ್ಯೂಸ್’ ಪತ್ರಿಕೆ 2020ರಲ್ಲಿ ಲೆಕ್ಕ ತೆಗೆಯಿತು. ತೆರಿಗೆ ಬಾಕಿಗೆ ಸಾವಿರಾರು ಮನೆಗಳು ಹರಾಜಾದವು. ಅವುಗಳಲ್ಲಿ ಅಜ್ಜಿ ತಾತಂದಿರು ಸಾಲವೆಲ್ಲ ತೀರಿಸಿ ಉಳಿಸಿಕೊಂಡಿದ್ದ ಮನೆಗಳಿದ್ದವು. ಡೆಟ್ರಾಯಿಟ್‌ನ ಆಡಳಿತದಲ್ಲಿ ಕಪ್ಪು ಅಧಿಕಾರಿಗಳು ಬೇಕಾದಷ್ಟು ಜನ ಇದ್ದಾರೆ, ದಶಕಗಳ ಕಾಲ ಮೇಯರುಗಳೂ ಕಪ್ಪು ಜನರೇ. ಆ ಕಚೇರಿಯಲ್ಲಿ ಯಾರೂ ಯಾರನ್ನೂ ದ್ವೇಷಿಸಿರಬೇಕಾಗಿಲ್ಲ. ಖಾಲಿ ಬೊಕ್ಕಸ, ಹಳೆಯ ದಾಖಲೆ, ದೂರು ಕೊಡಲು ವಕೀಲರಿಲ್ಲದ ಬಡವರು, ಇಷ್ಟು ಸೇರಿದರೆ ಸಾಕಿತ್ತು. ಬೊಕ್ಕಸ ಏಕೆ ಖಾಲಿಯಾಯಿತು? 1950ರಲ್ಲಿ 18 ಲಕ್ಷ ದಾಟಿದ್ದ ಜನಸಂಖ್ಯೆ 2020ಕ್ಕೆ 6.4 ಲಕ್ಷದ ಹತ್ತಿರ ಇಳಿದದ್ದೇಕೆ? ಕಾರ್ಖಾನೆಗಳು ಹೋದವು ನಿಜ, ಜೊತೆಗೆ ಸಾಲ ಸಿಕ್ಕವರೆಲ್ಲ ಗಡಿಯಾಚೆ ಹೋದರು, ತೆರಿಗೆಯೂ ಅವರೊಂದಿಗೆ ಹೋಯಿತು.

ಮನುಷ್ಯನ ಸ್ವಂತ ಪ್ರಯತ್ನಕ್ಕೆ ಬೆಲೆಯಿಲ್ಲವೇ ಎಂದು ಕೇಳುತ್ತೀಯ. ಖಂಡಿತ ಇದೆ, ನಿನ್ನ ದುಡಿಮೆಯನ್ನು ನಾನು ಹತ್ತಿರದಿಂದ ಕಂಡವನು. ಡೆಟ್ರಾಯಿಟ್‌ನ ಕಪ್ಪು ಸಮುದಾಯದಲ್ಲೂ ಕುಡಿತ, ಹೊಡೆದಾಟ, ಅಪರಾಧ ಇವೆ, ಅದರಿಂದ ಎಲ್ಲರಿಗಿಂತ ಹೆಚ್ಚು ನರಳುವವರು ಅಲ್ಲಿನ ತಾಯಂದಿರು. ಆದರೆ 1967ರ ಜುಲೈನಲ್ಲಿ ಆ ನಗರ ಹೊತ್ತಿ 43 ಜನ ಸತ್ತ ಮೇಲೆ ಅಮೆರಿಕ ಸರ್ಕಾರವೇ ನೇಮಿಸಿದ ಕರ್ನರ್ ಆಯೋಗ ಈ ಪ್ರಶ್ನೆಯನ್ನು ಕೂಲಂಕಷವಾಗಿ ಪರಿಶೀಲಿಸಿತು. ಕಪ್ಪು ಕೇರಿಗಳನ್ನು ಮಾಡಿದ್ದು ಬಿಳಿಯರ ಸಂಸ್ಥೆಗಳು, ಕಾಪಾಡಿಕೊಂಡು ಬಂದದ್ದೂ ಅವೇ ಎಂದು 1968ರಲ್ಲಿ ಬರೆದುಕೊಟ್ಟಿತು. ಆ ಆಯೋಗದ ಸದಸ್ಯರಲ್ಲಿ ಹೆಚ್ಚಿನವರು ಬಿಳಿಯರೇ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವಿದೆ. ನಿನ್ನ ಬಡಾವಣೆಯ ಅಂಚಿನ ಖಾಲಿ ಜಾಗದಲ್ಲಿ ಕಡಿಮೆ ಬಾಡಿಗೆಯ ಅಪಾರ್ಟ್‌ಮೆಂಟ್ ಕಟ್ಟಲು ಅರ್ಜಿ ಬಂದಿದೆ, ಅದರ ವಿರುದ್ಧ ನಮ್ಮ ಕನ್ನಡಿಗರೂ ಸೇರಿ ಸಹಿ ಸಂಗ್ರಹಿಸುತ್ತಿದ್ದಾರೆ ಎಂದೆಯಲ್ಲ. ‘ಶಾಲೆ ಕೆಡುತ್ತದೆ, ಮನೆ ಬೆಲೆ ಇಳಿಯುತ್ತದೆ’ ಎಂದು ಆ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಸಂದೇಶಗಳನ್ನು ನನಗೆ ತೋರಿಸಿದೆ. ಅವುಗಳಲ್ಲಿ ಯಾವ ಜನಾಂಗದ ಹೆಸರೂ ಇಲ್ಲ. 1938ರ ಕೈಪಿಡಿಯನ್ನು ಓದಿ ಬಂದವನಿಗೆ ಆ ಕಾಳಜಿಯ ಗುರುತು ಸಿಗದಿರುವುದಿಲ್ಲ. ಒಂದೇ ಕುಟುಂಬದ ಮನೆ ಮಾತ್ರ, ಇಷ್ಟು ದೊಡ್ಡ ನಿವೇಶನ ಮಾತ್ರ ಎಂಬ ವಲಯ ನಿಯಮಗಳು ಇವತ್ತು ಬಣ್ಣದ ಹೆಸರೆತ್ತದೆ ಹಳೆಯ ಕೆಲಸವನ್ನು ಮಾಡಿಕೊಡುತ್ತಿವೆ. ಆ ಅಪಾರ್ಟ್‌ಮೆಂಟಿಗೆ ಬರುವವರು ನಿನ್ನ ಕಚೇರಿಯನ್ನು ಗುಡಿಸುವವರು, ನಿನ್ನ ತಾಯಿ ಅಲ್ಲಿದ್ದಾಗ ಆಸ್ಪತ್ರೆಯಲ್ಲಿ ಅವರ ಮೈ ಒರೆಸಿದ ದಾದಿಯರು.

ಯೋಜನಾ ಸಮಿತಿಯ ಸಭೆಯಲ್ಲಿ ಊರಿನ ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು ಎಂದು ನೀನೇ ಹೇಳಿದ್ದೆ. ಹೋಗು, ಮಾತಾಡು. ಕಟ್ಟಲು ಬಿಡಿ ಎಂದು ಹೇಳು. ಗುಂಪಿನವರು ಮುಖ ತಿರುಗಿಸಬಹುದು, ದಸರಾ ಗೊಂಬೆಗೆ ಕರೆಯದಿರಬಹುದು. ಅದನ್ನು ತಡೆದುಕೊಳ್ಳುವ ಶಕ್ತಿ ನಿನಗಿದೆ. ಸಹಿ ಪತ್ರಕ್ಕೆ ನೀನು ಇನ್ನೂ ಸಹಿ ಹಾಕಿಲ್ಲವೆಂದು ನಂಬಿದ್ದೇನೆ.

ನಿನ್ನ ಮನೆಯ ಹಳೆಯ ಕ್ರಯಪತ್ರಗಳನ್ನು ತೆಗೆಸಿ ನನಗೊಂದು ಪ್ರತಿ ಕಳಿಸು. ಆ ಜಮೀನು ಮೊದಲು ನಿವೇಶನವಾದ ವರ್ಷದಿಂದ ಓದಬೇಕೆಂದಿದ್ದೇನೆ, ನಿನ್ನ ಮಗಳೂ ಜೊತೆಗೆ ಓದಲಿ. ಸಭೆಯ ದಿನಾಂಕ ತಿಳಿಸು, ನೀನು ಏನು ಹೇಳಬೇಕೆಂದಿರುವೆಯೋ ಅದನ್ನು ಬರೆದು ಕಳಿಸಿದರೆ ಅಂಕಿ ಅಂಶಗಳನ್ನು ಸರಿನೋಡಿ ಕೊಡುತ್ತೇನೆ. ಅತ್ತಿಗೆಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಹಾಸ್ಟೆಲಿನ ಗೆಳೆಯ,
ಮೈಸೂರಿನಿಂದ